ಆರೋಪಿ ಕೋನಪ್ಪ, ಫಿರ್ಯಾದಿ ಜೀರಿಗೆ

ಕೋನಪ್ಪ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಗೌರಿಬಿದನೂರಲ್ಲಿ ಹತ್ತಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಚಿಂತಾಮಣಿ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ಸು ಬರುವುದು ಅವನ ರೂಟು. ಅವನು ತಿರುಗಿದ ದಾರಿಯನ್ನೆಲ್ಲ ಬಿಡಿಸಿ ನೆಟ್ಟಗೆ ಎಳೆದರೆ ಚಂದ್ರನನ್ನು ಮುಟ್ಟಿ, ಅಲ್ಲೊಂದು ಟೀ ಕುಡಿದು, ತಿರುಗಿ ಬರುವುದಕ್ಕೂ ಮಿಗುತ್ತದೆ. ಅವನು ಸೀಟಿ ಊದಿದರೆ ಅವನ ಬಸ್ಸಿನ ಜೊತೆಗೆ ಪಕ್ಕದಲ್ಲಿ ನಿಂತ ಇನ್ನೆರಡು ಬಸ್ಸು, ಒಂದು ಹಾಲಿನ ಲಾರಿ, ಕೆಲವು ಸಲ ಬಸ್ ಸ್ಟ್ಯಾಂಡಿನ ಹಸುವೂ ಹೊರಟುಬಿಡುತ್ತಿದ್ದವು. ಆದರೆ ಇಷ್ಟು ವರ್ಷದಲ್ಲಿ ಒಬ್ಬ ಪ್ರಯಾಣಿಕನ ಮೇಲೂ ಕೈ ಎತ್ತಿದವನಲ್ಲ. ಆ ನೂಕುನುಗ್ಗಲಿನಲ್ಲಿ ಕೈ ಎತ್ತಲು ಜಾಗ ಎಲ್ಲಿತ್ತು ಎಂದು ಕೇಳುವವರೂ ಇದ್ದಾರೆ. ಅವರ ಮಾತು ಬಿಡಿ.

ಇಂಥ ಕೋನಪ್ಪನ ಮೇಲೆ ಅರವತ್ತೇಳನೆಯ ವಯಸ್ಸಿನಲ್ಲಿ ಒಂದು ಆರೋಪ ಬಂತು. ಮನೆಯ ನಾಯಿಮರಿಗೆ ಯಾರೂ ಇಲ್ಲದಾಗ ಹೊಡೆಯುತ್ತಾನೆ ಎಂದು. ಆರೋಪ ಹೊರಿಸಿದ್ದು ಪೊಲೀಸರಲ್ಲ, ಅಕ್ಕಪಕ್ಕದವರೂ ಅಲ್ಲ. ನಲವತ್ತೊಂದು ವರ್ಷ ಅವನ ಜೊತೆ ಸಂಸಾರ ಮಾಡಿದ ಹೆಂಡತಿ ಅಕ್ಕಯಮ್ಮ. ಸಾಕ್ಷಿ ಹೇಳಿದ್ದು ಖುದ್ದು ನಾಯಿಮರಿ. ಅದೂ ಬಾಯಿಂದ ಅಲ್ಲ.

ಮರಿಯ ಹೆಸರು ಜೀರಿಗೆ. ಕೋನಪ್ಪನ ಸೊಸೆ ತನುಜ ಅವರ ಮನೆಯಿರುವ ಚಿಕ್ಕಬಳ್ಳಾಪುರದಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಜೊತೆಯ ಲೆಕ್ಚರರ್ ಒಬ್ಬರ ಮನೆಯಲ್ಲಿ ಹುಟ್ಟಿದ ಮರಿಯನ್ನು ಜನವರಿಯಲ್ಲಿ ಊಟದ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಳು. ಎಷ್ಟು ಚಿಕ್ಕದೆಂದರೆ, ಮೊದಲ ದಿನವೇ ಅದು ಕೋನಪ್ಪನ ಚಪ್ಪಲಿಯಲ್ಲಿ ಮಲಗಿ ಕಾಣೆಯಾಗಿ, ಮನೆಯವರೆಲ್ಲ ಒಂದು ಗಂಟೆ ಬೀದಿ ಬೀದಿ ಹುಡುಕಿದರು. ಬಣ್ಣ ಮಾತ್ರ ಒಗ್ಗರಣೆಯಲ್ಲಿ ಸ್ವಲ್ಪ ಹೆಚ್ಚೇ ಕಂದಿದ ಜೀರಿಗೆಯದು. ಹೆಸರಿಟ್ಟವಳು ಅಕ್ಕಯಮ್ಮ.

ಕೋನಪ್ಪ ಆವತ್ತು ನಡುಮನೆಯಲ್ಲಿ ನಿಂತು ಹೇಳಿದ, "ನಾಯಿ ಬೇಕೋ ನಾನು ಬೇಕೋ, ಈಗ್ಲೇ ತೀರ್ಮಾನ ಮಾಡ್ಕೊಳ್ಳಿ."

ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆ ಅರ್ಧ ನಿಮಿಷ ಅವನಿಗೆ ಸರಿಬರಲಿಲ್ಲ. ಇನ್ನೊಂದು ಸಲ ಕೇಳುವ ಧೈರ್ಯ ಮಾಡದೆ ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಅಕ್ಕಯಮ್ಮ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿದ್ದು, ಎರಡು ವರ್ಷದ ಹಿಂದೆ ನಿವೃತ್ತಿಯಾದವಳು. ಅವಳ ಕೈಯಲ್ಲಿ ಪಳಗಿದ ಮಕ್ಕಳು ಇವತ್ತು ಊರಿನ ಕಚೇರಿಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಐದರವರೆಗೆ ಒಂದು ಸಲವೂ ಎದ್ದು ಹೋಗುವುದಿಲ್ಲವಂತೆ. ಅಂಥವಳಿಗೆ ಒಂದು ನಾಯಿಮರಿ ಯಾವ ಲೆಕ್ಕ? ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಅದನ್ನು ಹಿತ್ತಿಲ ನುಗ್ಗೆಮರದ ಬುಡಕ್ಕೆ ಒಯ್ದಳು. ಒಂಬತ್ತೇ ದಿನದಲ್ಲಿ ಮರಿ ಕಲಿತುಬಿಟ್ಟಿತು. ಮನೆಯೊಳಗೆ ಒಂದು ಹನಿ ಇಲ್ಲ.

"ಹೆಂಗೆ ಕಲಿಸಿದ್ರಿ ಅತ್ತೆ?" ಎಂದು ತನುಜ ಕೇಳಿದರೆ, "ಎಲ್ಲಾ ಕೈಗುಣ ಕಣಮ್ಮ" ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುವಳು.

ಇತ್ತ ಕೋನಪ್ಪನಿಗೂ ಜೀರಿಗೆಗೂ ಯಾರಿಗೂ ತಿಳಿಯದಂತೆ ಒಂದು ಒಪ್ಪಂದವಾಗಿತ್ತು. ದಿನಾ ಸಂಜೆ ಬೇಕರಿಯಿಂದ ಒಂದು ಬನ್ನು ಜೇಬಿನಲ್ಲಿ ಬರುತ್ತಿತ್ತು. ಅರ್ಧ ಅವನಿಗೆ, ಅರ್ಧ ಇದಕ್ಕೆ. ಮನೆಯವರ ಎದುರಿಗೆ ಮಾತ್ರ "ಹೋಗತ್ಲಾಗೆ" ಎಂದು ಕಾಲಲ್ಲಿ ಸರಿಸುವ ನಾಟಕ. ಈ ನಾಟಕವನ್ನು ಅವನು ಅಷ್ಟು ಚೆನ್ನಾಗಿ ಆಡಬಾರದಿತ್ತು.

ಮೇ ತಿಂಗಳಲ್ಲಿ ಕೋನಪ್ಪ ಹಲ್ಲು ಕಟ್ಟಿಸಿಕೊಂಡ. ಎರಡು ವರ್ಷದಿಂದ ಅವನ ಬಾಯಿ ಖಾಲಿ ಬಸ್ಸಿನಂತಿತ್ತು. ಮುದ್ದೆಗೆ ಹಲ್ಲೇಕೆ ಎಂದು ಸುಮ್ಮನಿದ್ದವನನ್ನು, ಯಾರದೋ ಮದುವೆಯ ಫೋಟೋ ನೋಡಿ ತನುಜಳೇ ಒತ್ತಾಯ ಮಾಡಿ ಕಳಿಸಿದ್ದು. ಹಲ್ಲು ಎಷ್ಟು ಬೆಳ್ಳಗೆ ಬಂದವೆಂದರೆ, ಕರೆಂಟು ಹೋದರೆ ಅವನನ್ನು ನಗಿಸಿ ಆ ಬೆಳಕಿನಲ್ಲಿ ಮೇಣದ ಬತ್ತಿ ಹುಡುಕಬಹುದಿತ್ತು. ಒಂದು ವಾರ ಮಾತು ಹೊಸದಾಗಿ ಕಲಿತವನ ಹಾಗೆ ಆಡಿದ. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು.

ಅದೇ ತಿಂಗಳು ಜೀರಿಗೆ ಕೆಟ್ಟಿತು.

ಮೊದಲು ಸೋಫಾದ ಕಾಲಿನ ಹತ್ತಿರ. ಮಾರನೆಯ ದಿನ ಟಿವಿ ಸ್ಟ್ಯಾಂಡಿನ ಕೆಳಗೆ. ಆಮೇಲೆ ಅಕ್ಕಿ ಡಬ್ಬದ ಪಕ್ಕ, ಬಾಗಿಲ ಮ್ಯಾಟಿನ ಮೇಲೆ, ತನುಜ ತಿದ್ದಲು ತಂದ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ. ಆ ಕಟ್ಟಿನಲ್ಲಿ ಫೇಲಾಗಬೇಕಾಗಿದ್ದ ನಾಲ್ವರು ಶಾಯಿ ಹರಡಿ ಪಾಸಾದರು ಎಂಬ ಮಾತಿದೆ. ಅಂಗೈಯಗಲದ ಹೊಟ್ಟೆಯಿಂದ ಹೊರಟ ಆ ನೀರನ್ನು ಪೋಲಾಗದಂತೆ ಕೂಡಿಟ್ಟಿದ್ದರೆ ಕಂದವಾರದ ಕೆರೆ ಒಂದು ಸಲ ಕೋಡಿ ಬೀಳುತ್ತಿತ್ತು. ಹಿತ್ತಿಲಿಗೆ ಕರೆದೊಯ್ದರೆ ಅಲ್ಲೂ ಮಾಡುವುದು, ಒಳಗೆ ಬಂದರೆ ಇಲ್ಲೂ ಮಾಡುವುದು.

ಅಕ್ಕಯಮ್ಮ ಮೊದಲು ದೃಷ್ಟಿ ತೆಗೆದಳು. ಆಮೇಲೆ ಉಷ್ಣ ಇರಬೇಕೆಂದು ಬಾರ್ಲಿ ನೀರು ಕುಡಿಸಿದಳು. ಬಾರ್ಲಿ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಆವತ್ತು ಒರೆಸುವ ಬಟ್ಟೆ ಹಿಂಡಿ ಹಿಂಡಿ ಅವಳ ರಟ್ಟೆ ಬಿದ್ದುಹೋಯಿತು.

ಕೊನೆಗೆ ಪಶುವೈದ್ಯೆ ರೂಪ ಅವರ ಬಳಿಗೆ ಹೋದರು. ತನುಜ ಮರಿಯನ್ನು ಎತ್ತಿಕೊಂಡಿದ್ದಳು, ಕೋನಪ್ಪ ಆಟೋ ಹಿಡಿದು ಜೊತೆಗೆ ಬಂದಿದ್ದ. ಡಾಕ್ಟರು ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿ ಹೊಟ್ಟೆ ಒತ್ತಿದರು, ಬಾಯಿ ತೆರೆದರು, ಕಿವಿ ನೋಡಿದರು. ಅದು ಸಭ್ಯಸ್ಥನ ಹಾಗೆ ನಿಂತಿತ್ತು.

"ವಯಸ್ಸೆಷ್ಟು?" ಎಂದರು.

"ಸುಮಾರು ಏಳು ತಿಂಗ್ಳು ಮೇಡಂ," ಎಂದ ಕೋನಪ್ಪ.

ಜೀರಿಗೆ ಅಲ್ಲೇ ಮೇಜಿನ ಮೇಲೆ ಕೂತು ಮಾಡಿತು. ಡಾಕ್ಟರು ಅದನ್ನು ನೋಡಿದರು, ಕೋನಪ್ಪನನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಆ ಉಚ್ಚೆಯನ್ನೇ ಹಿಡಿದು ಪರೀಕ್ಷೆಗೆ ಕಳಿಸಿದರು. ಸೋಂಕಿಲ್ಲ, ಕಲ್ಲಿಲ್ಲ, ಸಕ್ಕರೆಯಿಲ್ಲ. ಮನುಷ್ಯರಿಗೆ ಅಂಥ ರಿಪೋರ್ಟು ಬಂದರೆ ಊರಿಗೆ ಹೋಳಿಗೆ ಊಟ ಹಾಕಿಸಬೇಕು.

"ಕಾಯಿಲೆ ಏನಿಲ್ಲಮ್ಮ," ಎಂದು ರೂಪ ಮೇಡಂ ತನುಜಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಮರಿಗಳು ಹೆದರಿದರೆ ಹೀಗೆ ಮಾಡುತ್ತವೆ. ಯಜಮಾನರ ದನಿ ಕೇಳಿದ ತಕ್ಷಣ ಮಾಡಿತು, ನೋಡಿದ್ರಲ್ಲ? ಒಂದು ವಾರ ಬರೆದಿಡಿ. ಯಾವಾಗ ಮಾಡುತ್ತೆ, ಎಲ್ಲಿ, ಆಗ ಯಾರಿದ್ರು ಅಂತ."

ಮೆಲ್ಲಗೆ ಹೇಳಿದ ಅರ್ಧ ಮಾತು ಕೋನಪ್ಪನಿಗೆ ಕೇಳಿಸಲಿಲ್ಲ. ಬರೆದಿಡಿ ಎಂದದ್ದಷ್ಟೇ ಕೇಳಿಸಿತು. ಮುಖ ಅರಳಿತು. ಬರೆದಿಡುವುದು ಅವನ ಕಸುಬು. ಕಂಡಕ್ಟರುಗಳು ಪ್ರತಿ ಟ್ರಿಪ್ಪಿಗೂ ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂದು ತುಂಬುವ ಹಾಳೆಗೆ ವೇ ಬಿಲ್ ಎನ್ನುತ್ತಾರೆ. ಮನೆಗೆ ಬಂದವನೇ ಸ್ಕೇಲು ಹಿಡಿದು ಗೆರೆ ಹೊಡೆದು ಅಂಥದೇ ಒಂದನ್ನು ತಯಾರು ಮಾಡಿದ. ಟೈಮು, ಸ್ಥಳ, ಹಾಜರಿದ್ದವರು. ಐದು ದಿನ ಕನ್ನಡಕ ಮೂಗಿಗೇರಿಸಿ, ಪೆನ್ನು ಕಿವಿಗೆ ಸಿಕ್ಕಿಸಿ ನಾಯಿಯ ಹಿಂದೆಯೇ ಸುತ್ತಿದ. ಹದಿನಾಲ್ಕು ಸಲ ಬಿತ್ತು. ಹದಿನಾಲ್ಕನ್ನೂ ದುಂಡಗೆ ಬರೆದು, ಕೆಳಗೆ ಸಹಿ ಹಾಕಿ, ಊಟದ ಹೊತ್ತಿಗೆ ಸೊಸೆಯ ಮುಂದೆ ಇಟ್ಟ.

ತನುಜ ಓದಿದಳು. ಓದುತ್ತ ಓದುತ್ತ ಅವಳ ಮುಖ ಸಣ್ಣದಾಯಿತು. ಹಾಳೆಯನ್ನು ಅತ್ತೆಗೆ ಕೊಟ್ಟಳು. ಅಕ್ಕಯಮ್ಮ ಹಾಜರಿದ್ದವರ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಇಳಿದಳು. ಒಂದು ಕಡೆ ಅವಳು ಇಲ್ಲ, ಇನ್ನೊಂದು ಕಡೆ ತನುಜ ಇಲ್ಲ, ಮಗ ಸುನೀಲ ಒಂಬತ್ತು ಕಡೆ ಇಲ್ಲ. ಅವನು ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸದವನು. ಹದಿನಾಲ್ಕರಲ್ಲಿ ಹದಿನಾಲ್ಕು ಕಡೆಯೂ ಇದ್ದದ್ದು ಒಂದೇ ಹೆಸರು. ತನ್ನ ಮೇಲಿನ ಚಾರ್ಜ್‌ಶೀಟನ್ನು ತಾನೇ ಸ್ಕೇಲು ಹಿಡಿದು ಬರೆದು ಸಹಿ ಹಾಕಿ ಕೊಟ್ಟ ಮನುಷ್ಯ ಈ ಜಿಲ್ಲೆಯಲ್ಲಿ ಕೋನಪ್ಪ ಒಬ್ಬನೇ ಇರಬೇಕು.

"ಏನ್ ಮಾಡ್ತಿದೀರಿ ಅದಕ್ಕೆ?" ಎಂದಳು ಅಕ್ಕಯಮ್ಮ.

"ಯಾವುದಕ್ಕೆ?"

"ಯಾವುದಕ್ಕೆ ಅಂತೆ! ಮರಿಗೆ. ಡಾಕ್ಟರಮ್ಮ ತನುಜಂಗೆ ಹೇಳವ್ರೆ. ನಿಮ್ಮನ್ನ ಕಂಡು ಹೆದರಿ ಮಾಡ್ತೈತಂತೆ. ಹೊಡೀತೀರಾ? ಒದೀತೀರಾ?"

ಕೋನಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. "ನಾನಾ? ಈ ನಾಯಿಗಾ? ಈ ಗಾತ್ರದ್ದಕ್ಕೆ ಹೊಡೀಬೇಕಂದ್ರೆ ಮೊದ್ಲು ಕನ್ನಡಕ ಹಾಕ್ಕೊಂಡು ಹುಡುಕ್ಬೇಕು ಕಣೇ!"

"ತಮಾಷೆ ಬೇಡ. ಬಂದ ದಿನಾನೇ ಅಂದಿದ್ರಲ್ಲ, ನಾಯಿ ಬೇಕೋ ನಾನು ಬೇಕೋ ಅಂತ. ದಿನಾ ಕಾಲಲ್ಲಿ ತಳ್ಳೋದು ನಾನು ನೋಡಿಲ್ವಾ? ಮನ್ಸಲ್ಲಿ ಇಟ್ಕೊಂಡಿದೀರ."

"ಅಕ್ಕಯಮ್ಮ, ಸತ್ಯವಾಗ್ಲೂ ಹೊಡೆದಿಲ್ಲ."

ಮೂಲೆಯಲ್ಲಿ ಮಲಗಿದ್ದ ಜೀರಿಗೆ ಎದ್ದು, ನಡುಮನೆಯ ಮಧ್ಯಕ್ಕೆ ಬಂದು, ಎಲ್ಲರಿಗೂ ಕಾಣುವ ಹಾಗೆ ಕೂತು ಮಾಡಿತು.

"ನೋಡಿ, ನೋಡಿ!" ಎಂದಳು ಅಕ್ಕಯಮ್ಮ.

"ಸತ್ಯವಾಗ್ಲೂ ಕಣೇ!" ಕೋನಪ್ಪ ದನಿಯೇರಿಸಿದ.

ಅದು ಎರಡು ಹೆಜ್ಜೆ ಮುಂದೆ ಬಂದು ಮತ್ತೊಂದು ಚೂರು ಮಾಡಿತು. ಕೋರ್ಟಿನಲ್ಲಿ ಸಾಕ್ಷಿ ಕಟಕಟೆ ಹತ್ತಿ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಯಾವ ವಕೀಲನೂ ಕಂಡಿರಲಾರ. ಇವನು ಸತ್ಯ ಎಂದ ಕೂಡಲೇ ಅದು ಸುಳ್ಳು ಎನ್ನುತ್ತಿತ್ತು.

ಅಲ್ಲಿಂದ ಕೋನಪ್ಪನಿಗೆ ಕೂತಲ್ಲಿ ಕೂರಲು ಆಗಲಿಲ್ಲ, ನಿಂತಲ್ಲಿ ನಿಲ್ಲಲು ಆಗಲಿಲ್ಲ. ಬೆಳಿಗ್ಗೆ ಎದ್ದರೆ ಬಸ್ ಸ್ಟ್ಯಾಂಡಿಗೆ ಹೋಗುವನು, ಅಲ್ಲಿಂದ ತರಕಾರಿ ಮಾರ್ಕೆಟ್ಟಿಗೆ, ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ, ಮತ್ತೆ ಬಸ್ ಸ್ಟ್ಯಾಂಡಿಗೆ. ಟೀ ಹೇಳುವನು, ಬರುವಷ್ಟರಲ್ಲಿ ಎದ್ದು ಹೋಗಿರುವನು. ನಾಯಿ ವಿಷಯ ಹೋಗಲಿ. ಒಂದು ಮಾತಿಗೆ ಬೆಲೆಯಿಲ್ಲವೇ? ಬಸ್ಸಿನಲ್ಲಿ ಯಾರೋ ಮರೆತುಹೋದ ಬಂಗಾರದ ಸರವನ್ನು ಮನೆ ಹುಡುಕಿ ಕೊಟ್ಟು ಬಂದಿದ್ದನ್ನು ಊರಿಗೆಲ್ಲ ಹೇಳಿದವಳು ಇವಳೇ ಅಲ್ಲವೇ? ಈಗ ಅವನು ಒಳಗೆ ಬಂದರೆ ಅದೇ ಅಕ್ಕಯಮ್ಮ ಮರಿಯನ್ನು ಎತ್ತಿ ಅಡುಗೆಮನೆಗೆ ಒಯ್ದು ಬಾಗಿಲು ಮುಂದಕ್ಕೆ ತಳ್ಳುತ್ತಿದ್ದಳು. ಆ ಬಾಗಿಲ ಸದ್ದು ಅವನ ಎದೆಗೆ ಬಡಿಯುತ್ತಿತ್ತು.

ತಾನು ಇಲ್ಲದಾಗಲೂ ನಾಯಿ ಮಾಡಿದರೆ ಸತ್ಯ ಹೊರಗೆ ಬರುತ್ತದೆಂದು ಒಂದು ಉಪಾಯ ಹೊಳೆಯಿತು. ಮಂಗಳವಾರ ಚಿಂತಾಮಣಿಯ ಬಸ್ಸು ಹತ್ತಿ ತಂಗಿ ಲಕ್ಷ್ಮಿದೇವಮ್ಮನ ಮನೆಗೆ ಹೋದ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಇಡೀ ದಾರಿ ನಿಂತೇ ಇದ್ದ. ತಂಗಿಯ ಮನೆಯಲ್ಲೂ ಆ ಗೋಡೆಯಿಂದ ಈ ಗೋಡೆಗೆ ನಡೆದದ್ದೇ ನಡೆದದ್ದು. ಎರಡೇ ದಿನಕ್ಕೆ ಅವಳ ಹಜಾರದಲ್ಲಿ ಕಾಲುದಾರಿ ಬಿದ್ದಿತು.

"ಏಮಣ್ಣಾ, ಒಂದ್ಕಡೆ ಕೂತ್ಕೋ," ಎಂದಳು ಲಕ್ಷ್ಮಿದೇವಮ್ಮ. "ಮೊನ್ನೆ ಮೊನ್ನೆ ಹಾಕ್ಸಿರೋ ಟೈಲ್ಸು. ಇನ್ನೊಂದಿನ ನಡೆದ್ರೆ ಪಾಯ ಕಾಣುತ್ತೆ."

ಗುರುವಾರ ತಡೆಯಲಾರದೆ ಮಗನಿಗೆ ಫೋನು ಮಾಡಿದ. ಸುನೀಲ ಪಾಳಿ ಮುಗಿಸಿ ಬಂದು ತಿಂಡಿ ತಿನ್ನುತ್ತಿದ್ದ. ಕೈ ಎಂಜಲಾಗಿದ್ದರಿಂದ ಸ್ಪೀಕರ್ ಒತ್ತಿ ಫೋನನ್ನು ನೆಲದ ಮೇಲೆ ಇಟ್ಟ.

"ಸುನೀಲಾ! ಹೆಂಗೈತಪ್ಪ ಮನೆ ಕಡೆ?"

"ಎರಡು ದಿನದಿಂದ ಒಂದು ತೊಟ್ಟೂ ಇಲ್ಲ ಕಣಪ್ಪ. ಮನೆ ಒಣಗಿ... ಏಯ್! ಏಯ್ ಜೀರಿಗೆ! ಅಮ್ಮಾ, ಬಟ್ಟೆ ತಗೊಂಬಾ!"

ಹೀಗೆ ಕೋನಪ್ಪ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು ದೂರದಿಂದ, ತಂಗಿಯ ಮನೆಯ ಮಂಚದ ಮೇಲೆ ಕೂತು, ಚಿಕ್ಕಬಳ್ಳಾಪುರದ ನೆಲವನ್ನು ಒದ್ದೆ ಮಾಡಿದ. ಫೋನಿನಲ್ಲಿ ಹೆಂಡತಿಯ ದನಿ ಕೇಳಿಸಿತು: "ಪಾಪ, ದನಿ ಕೇಳಿದ್ರೇ ಈ ಥರ ಹೆದರ್ತೈತೆ ಅಂದ್ರೆ ಎಷ್ಟು ಹೊಡೆದಿರಬೇಕು!" ಆಮೇಲೆ ತನುಜಳ ದನಿ: "ಬೇಡ ಅತ್ತೆ. ಮಾವನ್ನ ಏನೂ ಅನ್ಬೇಡಿ. ಭಾನುವಾರ ನಮ್ಮಮ್ಮನ್ನ ಬರಕ್ಕೆ ಹೇಳ್ತೀನಿ. ಮುದ್ದೇನಹಳ್ಳೀಲಿ ತೋಟ ಇದೆ, ಮರಿ ಅಲ್ಲೇ ಇರ್ಲಿ ಬಿಡಿ." ದನಿಯಲ್ಲಿ ಅಳು ಇತ್ತು.

ಫೋನಿಟ್ಟವನು ಅದೇ ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದ. ಭಾನುವಾರ ನಾಯಿ ಹೊರಟುಹೋದರೆ ಮುಗಿಯಿತು. ಸಾಕ್ಷಿಯೂ ಹೋಯಿತು, ಕೇಸೂ ಹೋಯಿತು, ತೀರ್ಪು ಮಾತ್ರ ಸಾಯುವವರೆಗೂ ಅವನ ಹಣೆಯ ಮೇಲೆ. ಮನೆ ಸೇರಿದರೂ ಒಳಗೆ ಹೋಗಲು ಕಾಲು ಬರಲಿಲ್ಲ. ಶುಕ್ರವಾರವೆಲ್ಲ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತ, ಎದ್ದ, ಕೂತ, ಎದ್ದ. ತಟ್ಟೆ ಹೊರಗೇ ಬಂತು.

ಶನಿವಾರ ಮಧ್ಯಾಹ್ನ ಉಸ್ಮಾನ್ ಸಾಬರು ಬಂದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬಿನವರು. ಗೂಡಿನ ಚೀಲಗಳನ್ನು ಕೋನಪ್ಪನ ಬಸ್ಸಿಗೆ ಏರಿಸಿ ಏರಿಸಿಯೇ ಸ್ನೇಹ ಬೆಳೆದದ್ದು. ಈಗ ಕೆಲಸ ಮಗ ಫೈಜಾನ್ ನೋಡಿಕೊಳ್ಳುತ್ತಾನೆ. ಇವರು ತಿಂಗಳಿಗೊಂದೆರಡು ಸಲ ಹರಟೆಗೆಂದೇ ಬಂದು ಹೋಗುತ್ತಾರೆ. ಹೋದ ಎರಡು ಸಲವೂ ಕೋನಪ್ಪ "ಬನ್ನಿ ಸಾಬ್ರೇ" ಎನ್ನುವುದಕ್ಕೂ ಜೀರಿಗೆ ಇವರ ಕಾಲ ಬಳಿ ಮಾಡುವುದಕ್ಕೂ ಸರಿಹೋಗಿತ್ತು.

ಇವತ್ತು ಬನ್ನಿ ಎನ್ನುವವರೂ ಇರಲಿಲ್ಲ. ಕೋನಪ್ಪ ಬರೀ ತಲೆ ಆಡಿಸಿದ. ಸಾಬರು ಪ್ಯಾಂಟಿನ ತುದಿ ಎರಡು ಮಡಿಕೆ ಮೇಲಕ್ಕೆ ಏರಿಸಿಕೊಂಡು ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತರು. ಜೀರಿಗೆ ಹೊಸ್ತಿಲ ಒಳಗೆ ಮುಂಗಾಲ ಮೇಲೆ ಮೂತಿಯಿಟ್ಟು ಮಲಗಿತ್ತು.

"ಏನ್ ಕೋನಪ್ಪಣ್ಣಾ, ಮುಖ ಈ ಥರ ಸುಕ್ಕಾಗಿದೆ? ಹೊಸ ಹಲ್ಲು ಕಾಣಿಸ್ತಾನೇ ಇಲ್ಲ."

"ನಾಳೆ ನಾಯಿ ಮುದ್ದೇನಹಳ್ಳಿಗೆ ಹೋಗುತ್ತೆ."

"ಅರೆ, ಒಳ್ಳೇದಾಯ್ತಲ್ಲ! ನನ್ನ ಪ್ಯಾಂಟು ಬಚಾವು."

"ನಾನು ಹೊಡೆದೆ ಅಂತ ಮನೇಲಿ ಎಲ್ಲಾ ನಂಬಿದಾರೆ. ಅಕ್ಕಯಮ್ಮನೂ."

ಸಾಬರ ನಗೆ ನಿಂತಿತು. ಗೆಳೆಯನನ್ನು ಸಮಾಧಾನ ಮಾಡುವುದು ಅವರಿಗೆ ಗೊತ್ತಿಲ್ಲದ ವಿದ್ಯೆ. ಮಾತು ತಿರುಗಿಸುವುದು ಗೊತ್ತಿತ್ತು.

"ನಿಮ್ಮ ರೂಟು ಕೂಗೋ ಸ್ಟೈಲು ಈಗಿನ ಒಬ್ಬ ಕಂಡಕ್ಟರ್‌ಗೂ ಬರಲ್ಲ ಬಿಡಿ. ಒಂದ್ಸಲ ಕೂಗಿ ಕೋನಪ್ಪಣ್ಣಾ. ಕೇಳಿ ಎಷ್ಟು ವರ್ಷ ಆಯ್ತು!"

"ಹೋಗ್ಲಿ ಬಿಡಿ."

"ಕೂಗಿ ಅಂದ್ರೆ. ನನಗೋಸ್ಕರ."

ಕೋನಪ್ಪ ಒಲ್ಲದ ಮನಸ್ಸಿನಿಂದ ಎದ್ದು ನಿಂತ. ಬಾಗಿಲ ಚೌಕಟ್ಟಿನ ಮೇಲೆ ಎಡಗೈ ತಾನಾಗಿ ಹೋಯಿತು. "ಗೌರಿಬಿದನೂರ್, ಗೌರಿಬಿದನೂರ್... ಮಂಚೇನಹಳ್ಳಿ, ಮಂಚೇನಹಳ್ಳಿ... ಚಿಕ್ಕಬಳ್ಳಾಪುರ, ಯಾರ್ರೀ ಚಿಕ್ಕಬಳ್ಳಾಪುರ, ಮುಂದೆ ಬನ್ನಿ..." ದನಿ ಸ್ವಲ್ಪ ಸ್ವಲ್ಪವೇ ಹಳೆಯ ಎತ್ತರಕ್ಕೆ ಏರಿತು. "ಸ್ಸಿಡ್ಲಘಟ್ಟಾ!"

ಜೀರಿಗೆ ಎದ್ದಿತು. ಕೂತಿತು. ಹೊಸ್ತಿಲು ಒದ್ದೆಯಾಯಿತು.

"...ಚಿಂತಾಮಣಿ, ಚಿಂತಾಮಣಿ," ಎಂದು ಕೋನಪ್ಪ ದನಿ ಸತ್ತು ಮುಗಿಸಿದ.

ಉಸ್ಮಾನ್ ಸಾಬರು ನಲವತ್ತು ವರ್ಷ ಕುದಿಯುವ ಕಡಾಯಿಯ ಪಕ್ಕದಲ್ಲಿ ಕೂತು, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹುಡುಕಿ ಹಿಡಿದವರು. ಏನೋ ಒಂದು ಎಳೆ ಸಿಕ್ಕಿದ ಹಾಗೆ ಅವರ ಕಣ್ಣು ಕಿರಿದಾಯಿತು. "ನಾಲ್ಕು ಊರು ಸುಮ್ಮನಿತ್ತು. ನಮ್ಮೂರಿಗೆ ಮಾತ್ರ ಇಳೀತು. ಇನ್ನೊಂದ್ಸಲ ಕೂಗಿ."

ಕೂಗಿದ. ಗೌರಿಬಿದನೂರಿಗೆ ಇಲ್ಲ, ಚಿಕ್ಕಬಳ್ಳಾಪುರಕ್ಕೆ ಇಲ್ಲ. ಸ್ಸಿಡ್ಲಘಟ್ಟಕ್ಕೆ ಕೂತಿತು.

"ನಾನು ಹೇಳ್ತೀನಿ ಇರಿ. ಶಿಡ್ಲಘಟ್ಟ!" ಎಂದರು ಸಾಬರು. ಅದು ತಿರುಗಿಯೂ ನೋಡಲಿಲ್ಲ. "ಬೇರೆ ಊರು ಕೂಗಿ ಕೋನಪ್ಪಣ್ಣಾ, ಯಾವುದಾದ್ರೂ."

"ಬಾಗೇಪಲ್ಲಿ! ಗುಡಿಬಂಡೆ! ಕೈವಾರ!" ಏನೂ ಇಲ್ಲ. "ಸ್ಸಾದಲಿ!" ಪಾಪ, ಅಷ್ಟು ಹೊತ್ತಿಗೆ ಟ್ಯಾಂಕು ಖಾಲಿ. ಆದರೂ ಕರ್ತವ್ಯ ಮರೆಯದೆ ಕೂತು ಎರಡು ಹನಿ ಕೊಟ್ಟಿತು.

"ಸಾದಲೀನೂ ನಮ್ಮ ತಾಲ್ಲೂಕೇ!" ಸಾಬರು ತೊಡೆ ತಟ್ಟಿದರು. "ಯಾ ಅಲ್ಲಾ, ಈ ನಾಯಿಗೂ ಶಿಡ್ಲಘಟ್ಟ ತಾಲ್ಲೂಕಿಗೂ ಏನೋ ಹಳೇ ದ್ವೇಷ ಇದೆ ಕೋನಪ್ಪಣ್ಣಾ! ನಮ್ಮೋರು ಯಾರೋ ಇದಕ್ಕೆ ಕಲ್ಲು ಹೊಡೆದಿರಬೇಕು!"

"ಸ್ಸಾಕು ಬಿಡಿ," ಎಂದ ಕೋನಪ್ಪ ಬೇಸರದಿಂದ.

ಜೀರಿಗೆ ಮತ್ತೆ ಕೂತಿತು. ಇಬ್ಬರೂ ಅದನ್ನೇ ನೋಡಿದರು.

"ಸಾಕು ಅನ್ನೋದು ಯಾವ ತಾಲ್ಲೂಕು?" ಎಂದರು ಸಾಬರು ಮೆಲ್ಲಗೆ.

ಒಳಗಡೆ ಏನೋ ಠಣ್ ಎಂದಿತು. ಅಕ್ಕಯಮ್ಮ ತಟ್ಟೆಯಲ್ಲಿ ಎರಡು ಲೋಟ ಟೀ ಹಿಡಿದು ಬಾಗಿಲಿಗೆ ಬಂದವಳು, ಎಷ್ಟು ಹೊತ್ತಿನಿಂದ ನಿಂತಿದ್ದಳೋ, ತಟ್ಟೆಯನ್ನು ನೆಲಕ್ಕೆ ಕುಕ್ಕಿದ್ದಳು. ಜೀರಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತುಟಿ ಮುಂದೆ ಮಾಡಿ, ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಎಷ್ಟೋ ಸಾವಿರ ಮಕ್ಕಳನ್ನು ಚರಂಡಿಯ ಪಕ್ಕ ಸಾಲಾಗಿ ಕೂರಿಸಿ ಮಾಡಿದ್ದ ಸದ್ದನ್ನು ಮಾಡಿದಳು.

"ಸ್ಸ್ಸ್ಸ್ಸ್..."

ಮರಿ ಇನ್ನೇನೂ ಇಲ್ಲವಲ್ಲ ಎಂಬಂತೆ ಅವಳ ಮುಖ ನೋಡುತ್ತ ಕೂತಿತು.

ನಮ್ಮಲ್ಲಿ ಯಾವ ತಾಯಿ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ಈ ಸದ್ದು ಮಾಡಿಲ್ಲ? ಜೀರಿಗೆಗೂ ಅವಳು ನುಗ್ಗೆಮರದ ಬುಡದಲ್ಲಿ ಅದನ್ನೇ ಕಲಿಸಿದ್ದಳು. ಸ್ಸ್ ಎಂದರೆ ಮಾಡು. ಮರಿ ಶಿಸ್ತಾಗಿ ಕಲಿತಿತ್ತು. ಕೋನಪ್ಪನ ಹೊಸ ಹಲ್ಲಿನ ಮೇಲ್ಸಾಲಿನಲ್ಲಿ ಕೂದಲೆಳೆಯಷ್ಟು ಸಂದಿ. ಮಾತಿನ ಮೊದಲಿಗೇ ಸಕಾರ ಬಂದರೆ ಕುಕ್ಕರಿನ ಹಾಗೆ ಅಲ್ಲಿಂದ ಗಾಳಿ ನುಗ್ಗುತ್ತಿತ್ತು. ಸುನೀಲಾ ಎಂದರೆ ಆಜ್ಞೆ, ಸಾಬ್ರೇ ಎಂದರೆ ಆಜ್ಞೆ, ಸುಮಾರು ಎಂದರೂ ಆಜ್ಞೆ. ಸತ್ಯ ಎಂದರಂತೂ ಕೇಳುವುದೇ ಬೇಡ. ಇಡೀ ಮನೆಯಲ್ಲಿ ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುತ್ತಿದ್ದದ್ದು ಆ ನಾಯಿ ಒಂದೇ, ಅದರ ಮೇಲೆಯೇ ಕಾಯಿಲೆಯ ಅಪವಾದ.

ಸುದ್ದಿ ತಿಳಿದು ಸಂಜೆ ಸುನೀಲ ನಗಲು ಶುರುಮಾಡಿದವನು ನಿಲ್ಲಿಸಲಾರದೆ ಪಾಳಿಗೆ ಅರ್ಧ ಗಂಟೆ ತಡವಾಗಿ ಹೋದ. ತನುಜ ಬಾಗಿಲ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು, ಆಮೇಲೆ ಬಂದು "ತಪ್ಪು ತಿಳ್ಕೊಂಡೆ ಮಾವ" ಎಂದು ತಲೆ ತಗ್ಗಿಸಿದಳು. ಸಾಬರು ಶಿಡ್ಲಘಟ್ಟ ಮುಟ್ಟುವ ಮೊದಲೇ ಕಥೆ ಅಲ್ಲಿಗೆ ಮುಟ್ಟಿ, ಅವರಿಗೇ ಯಾರೋ ಹೇಳಿದರಂತೆ.

ಕೋನಪ್ಪ ನಗಲಿಲ್ಲ. ಹಲ್ಲು ಬಿಚ್ಚಿ ಲೋಟದ ನೀರಿನಲ್ಲಿ ಹಾಕಿ ಗೋಡೆಯ ಕಡೆ ತಿರುಗಿ ಕೂತ.

ಅಕ್ಕಯಮ್ಮ ಬಂದು ಸ್ವಲ್ಪ ದೂರದಲ್ಲಿ ನಿಂತಳು. "ಹಲ್ಲಿನ ಡಾಕ್ಟ್ರಿಗೆ ಫೋನ್ ಮಾಡಿದ್ವಿ, ಆ ಸಂದಿ ಸರಿ ಮಾಡಕ್ಕೆ ಹದಿನೈದು ದಿನ ಬೇಕಂತೆ," ಎಂದಳು. "ಮರಿ ಹೋಗ್ಲಿ ಬಿಡಿ ಮುದ್ದೇನಹಳ್ಳಿಗೆ. ಅದು ಇದ್ರೆ ದಿನಾ ನಿಮ್ಗೆ ನೆನಪಾಗುತ್ತೆ." ಕೋನಪ್ಪ ಗೋಡೆಯ ಕಡೆಗೆ ಇನ್ನಷ್ಟು ಸರಿದ. "ನಾಯಿ ಮಾತು ಕೇಳಿ ನಿಮ್ಮ ಮಾತು ಬಿಟ್ಟೆ. ಅಷ್ಟು ವರ್ಷ ಮಕ್ಕಳಿಗೆ ಕಲಿಸಿದೋಳು, ನಾನು ಕಲಿಸಿದ್ದು ನಂಗೇ ಗೊತ್ತಾಗ್ಲಿಲ್ಲ." ಅಕ್ಕಯಮ್ಮ ಎಂಬ ಹೆಸರಿನಲ್ಲಿ ಸಕಾರ ಎಲ್ಲೂ ಇಲ್ಲ. ಹಲ್ಲಿದ್ದರೂ ಇಲ್ಲದಿದ್ದರೂ ಕರೆಯಬಹುದಿತ್ತು. ಕರೆಯಲಿಲ್ಲ.

ಭಾನುವಾರ ಒಂಬತ್ತು ಗಂಟೆಗೆ ಬೀಗಿತ್ತಿ ಶ್ಯಾಮಲಮ್ಮ ಬಂದರು. ಮಗಳು ಫೋನಿನಲ್ಲಿ ಎಲ್ಲ ಹೇಳಿದ್ದಳು. ಅವರು ನಂಬಿರಲಿಲ್ಲ. "ಹಲ್ಲಿಗೂ ಉಚ್ಚೆಗೂ ಏನೇ ನೆಂಟಸ್ತನ? ನಿಮ್ಮ ಮಾವ ಒಪ್ತಿಲ್ಲ ಅಂತ ನೇರವಾಗಿ ಹೇಳು" ಎಂದು ಬೈದು, ತರಕಾರಿ ಬುಟ್ಟಿಗೆ ಹಳೆಯ ಸೀರೆ ಹಾಸಿಕೊಂಡು ಬಂದೇ ಬಂದರು. ಬುಟ್ಟಿಯನ್ನು ನಡುಮನೆಯಲ್ಲಿ ಇಟ್ಟರು. ತನುಜ ಅತ್ತೆಯ ಮುಖ ನೋಡಿದಳು. ಅತ್ತೆ ಜೀರಿಗೆಯನ್ನು ಎತ್ತಿ ತಂದು ಬುಟ್ಟಿಯೊಳಗೆ ಬಿಟ್ಟು, ಅಡುಗೆಮನೆಗೆ ಹೊರಟುಹೋದಳು. ಅಲ್ಲಿ ಪಾತ್ರೆಯ ಸದ್ದೂ ಬರಲಿಲ್ಲ.

ಕೋನಪ್ಪ ಒಳಕೋಣೆಯಿಂದ ಬಂದ. ಹಲ್ಲು ಹಾಕಿಕೊಂಡಿದ್ದ. ಎರಡು ಹೆಜ್ಜೆ ಆ ಕಡೆ ಹೋದ, ಎರಡು ಹೆಜ್ಜೆ ಈ ಕಡೆ ಬಂದ, ಮತ್ತೆ ಆ ಕಡೆ.

"ಏನಣ್ಣಾ, ತಗೊಂಡು ಹೋಗ್ಲಾ?" ಎಂದರು ಶ್ಯಾಮಲಮ್ಮ.

ಕೋನಪ್ಪ ಬಾಯಿ ತೆರೆದ. "ಸ್..." ಎಂಬಷ್ಟರಲ್ಲಿ ಬುಟ್ಟಿಯಿಂದ ಎರಡು ಕಿವಿ ಮೇಲೆದ್ದವು. ಗಬಕ್ಕನೆ ಬಾಯಿ ಮುಚ್ಚಿದ. ಸುಮ್ಮನೆ, ಸರಿ, ಸದ್ಯಕ್ಕೆ, ಸ್ವಲ್ಪ ದಿನ. ಬಾಯಿಗೆ ಬಂದ ಮಾತೆಲ್ಲ ಅದೇ ಜಾತಿಯವು. ಒಂದೊಂದನ್ನೂ ನುಂಗಿದ. ಮೂವತ್ತೆರಡು ವರ್ಷ ಊರಿಗೆಲ್ಲ ಕೇಳುವ ಹಾಗೆ ಕೂಗಿದವನು ಒಂದು ಮಾತಿಗಾಗಿ ಬೆವತುಹೋದ.

"ಕೊಡಲ್ಲ," ಎಂದ ಕೊನೆಗೆ.

"ಏನಂದ್ರಿ?"

"ನಾಯೀನ ಕೊಡಲ್ಲ ತಾಯಿ. ಬುಟ್ಟಿ ಬೇಕಾದ್ರೆ ತಗೊಂಡು ಹೋಗಿ." ಬಗ್ಗಿ ಜೀರಿಗೆಯನ್ನು ಎತ್ತಿಕೊಂಡ. ಅದು ಅವನ ಗದ್ದ ನೆಕ್ಕಿತು. ಎಲ್ಲರೂ ಅವನ ಅಂಗಿಯನ್ನೇ ನೋಡಿದರು. ಒಣಗಿಯೇ ಇತ್ತು.

ಶ್ಯಾಮಲಮ್ಮ ಮಗಳ ಕಡೆ ತಿರುಗಿ, "ಹೆದರ್ಕೊಂಡಿರೋ ಮರಿ ಇದೇನೇನೇ?" ಎಂದರು.

ತನುಜ ಬುಟ್ಟಿಯೊಳಗಿನ ಸೀರೆ ಮಡಚಿ ಅಮ್ಮನ ಕೈಗೆ ಕೊಟ್ಟಳು. ಕೋನಪ್ಪ ಮರಿಯನ್ನು ಎದೆಗೆ ಒತ್ತಿಕೊಂಡು ಅಡುಗೆಮನೆಯ ಬಾಗಿಲ ಕಡೆ ನೋಡಿದ.

"ಅಕ್ಕಯಮ್ಮಾ, ಬೀಗಿತ್ತೀಗೆ ಟೀ..."

"ಬಂದೆ, ಬಂದೆ!" ಎಂದು ಒಳಗಿನಿಂದ ದನಿ ಬಂತು, ಅವನು ಮಾತು ಮುಗಿಸುವ ಮೊದಲೇ.